ಹಂಗೇರಿ ರೈತನ ಅಟ್ಟ, ಹಿತ್ತಿಲು ಮತ್ತು ಸಹಕಾರ ಸಂಘ



ನಮ್ಮ ತರಬೇತಿ ಶಿಬಿರಗಳಲ್ಲಿ ಸಹಕಾರ ತತ್ವಗಳ ಪಾಠ ಶುರುವಾಗುವುದೇ "ಸ್ವಯಂಪ್ರೇರಿತ ಮತ್ತು ಮುಕ್ತ ಸದಸ್ಯತ್ವ" ಎಂಬ ಮಾತಿನಿಂದ. ಕೇಳಿ ಕೇಳಿ ಅದು ನಮಗೆ ಸಪ್ಪೆಯಾಗಿದೆ. ಷೇರು ಹಣ ಕಟ್ಟಿ ಸೇರುತ್ತೇವೆ, ಬೇಡವಾದರೆ ಹಾಲು ಹಾಕುವುದನ್ನು ನಿಲ್ಲಿಸುತ್ತೇವೆ, ಇದರಲ್ಲಿ ತತ್ವ ಎಂಥದ್ದು ಎಂದು ಅನೇಕರಿಗೆ ಅನ್ನಿಸುವುದುಂಟು. ಈ ತತ್ವ ಇಲ್ಲದ ಕಡೆ ಸಂಘ ಏನಾಗುತ್ತದೆ ಎಂಬುದನ್ನು ತಿಳಿಯಲು ಮಧ್ಯ ಯೂರೋಪಿನ ಹಂಗೇರಿ ದೇಶದ ರೈತರ ಅನುಭವವನ್ನು ನೋಡಬೇಕು. ಅದು ಬರೀ ಕೆಟ್ಟದ್ದರ ಕತೆಯಲ್ಲ. ಹಾಗಾಗಿಯೇ ಅದನ್ನು ಸ್ವಲ್ಪ ವಿವರವಾಗಿ ಇಲ್ಲಿ ಕೊಡಲಾಗಿದೆ.

ಹಂಗೇರಿಯ ವಿಸ್ತೀರ್ಣ ಸುಮಾರು 93,000 ಚದರ ಕಿ.ಮೀ., ಅಂದರೆ ಕರ್ನಾಟಕದ ಅರ್ಧಕ್ಕಿಂತ ತುಸು ಕಡಿಮೆ. ಜನಸಂಖ್ಯೆ ಒಂದು ಕೋಟಿಯ ಆಸುಪಾಸು. ಗೋಧಿ, ಮುಸುಕಿನ ಜೋಳ, ಹಂದಿ ಮತ್ತು ಹಸು ಅಲ್ಲಿನ ರೈತನ ಬದುಕು. ಎರಡನೇ ಮಹಾಯುದ್ಧದವರೆಗೆ ಜಮೀನಿನ ದೊಡ್ಡ ಪಾಲು ಕೆಲವೇ ಜಮೀನ್ದಾರ ಮನೆತನಗಳ ಮತ್ತು ಇಗರ್ಜಿಯ ಕೈಯಲ್ಲಿತ್ತು. ಅವರ ಜಮೀನಿನಲ್ಲಿ ದುಡಿಯುವ ಆಳುಗಳಿಗೆ ಕೂಲಿ ಹಣದಲ್ಲಿ ಕಡಿಮೆ. ಕಾಳು, ಸೌದೆ, ಒಂದು ಹಸು ಮೇಯಿಸಿಕೊಳ್ಳುವ ಹಕ್ಕು, ಹೀಗೆ ಸಿಗುತ್ತಿತ್ತು. ನಾಲ್ಕು ಸಂಸಾರಗಳಿಗೆ ಸೇರಿ ಒಂದೇ ಅಡುಗೆ ಮನೆ ಇರುತ್ತಿದ್ದುದು ಸಾಮಾನ್ಯ.

ಆ ಕಾಲದಲ್ಲಿಯೂ ಅಲ್ಲಿ ನಿಜವಾದ ಸಹಕಾರವಿತ್ತು. 1898ರಲ್ಲಿ ಶಾಂದೋರ್ ಕಾರೋಯಿ ಎಂಬ ಶ್ರೀಮಂತನ ಮುಂದಾಳತ್ವದಲ್ಲಿ "ಹಂಗ್ಯ" ಎಂಬ ಬಳಕೆದಾರರ ಸಹಕಾರ ಸಂಸ್ಥೆ ಸ್ಥಾಪನೆಯಾಯಿತು. ಹಂಗ್ಯ ಎಂದರೆ ಇರುವೆ. ಹಳ್ಳಿಹಳ್ಳಿಗಳಲ್ಲಿ ಅದರ ಅಂಗಡಿಗಳು ಬಂದವು. ಹಳ್ಳಿಯ ಹಾಲಿನ ಸಂಘಗಳೂ ಇದ್ದವು, ಅವುಗಳಿಗೆ ಒಂದು ರಾಷ್ಟ್ರೀಯ ಕೇಂದ್ರ ಸಂಘವೂ ಇತ್ತು. ಅಂದರೆ ಹಂಗೇರಿಯ ರೈತನಿಗೆ ಸಹಕಾರ ಎಂಬುದು ಹೊಸ ಪದವಾಗಿರಲಿಲ್ಲ, ಕೆಟ್ಟ ಪದವೂ ಆಗಿರಲಿಲ್ಲ. ಈ ಮಾತನ್ನು ನೆನಪಿನಲ್ಲಿಟ್ಟು ಮುಂದೆ ಓದಬೇಕು.

1945ರ ಮಾರ್ಚ್‌ನಲ್ಲಿ, ಯುದ್ಧ ಇನ್ನೂ ಮುಗಿಯುವ ಮೊದಲೇ, ಭೂಸುಧಾರಣೆ ಜಾರಿಗೆ ಬಂತು. ದೊಡ್ಡ ಎಸ್ಟೇಟುಗಳನ್ನು ಒಡೆದು ಸುಮಾರು 6.4 ಲಕ್ಷ ಜನರಿಗೆ ಜಮೀನು ಹಂಚಲಾಯಿತು. ಸರಾಸರಿ ಲೆಕ್ಕ ಹಾಕಿದರೆ ತಲಾ ಏಳು ಎಕರೆಯಷ್ಟು. ಆಗ ಕೃಷಿ ಮಂತ್ರಿಯಾಗಿದ್ದವರು ಇಮ್ರೆ ನಾಜ್ ಎಂಬ ಕಮ್ಯುನಿಸ್ಟ್ ನಾಯಕರು. ತಲೆಮಾರುಗಳಿಂದ ಆಳಾಗಿದ್ದವನು ಹೊಲದ ಮೂಲೆಯಲ್ಲಿ ತನ್ನ ಗುರುತಿನ ಗೂಟ ನೆಟ್ಟ.

ಅಟ್ಟ ಗುಡಿಸಿದ ಕಾಲ

ಗೂಟ ಹಳೆಯದಾಗುವ ಮೊದಲೇ ಗಾಳಿ ತಿರುಗಿತು. 1948ರಿಂದ ಮಾತ್ಯಾಶ್ ರಾಕೋಶಿಯ ಕಮ್ಯುನಿಸ್ಟ್ ಸರ್ಕಾರ ಸೋವಿಯೆತ್ ಮಾದರಿಯಲ್ಲಿ ಜಮೀನುಗಳನ್ನೆಲ್ಲ "ಉತ್ಪಾದನಾ ಸಹಕಾರ ಸಂಘ"ಗಳಿಗೆ ಸೇರಿಸಲು ಹೊರಟಿತು. ಹಂಗ್ಯ ಸಂಸ್ಥೆಯನ್ನು ಇಲ್ಲವಾಗಿಸಲಾಯಿತು. ಹಳೆಯ ಸಂಘಗಳನ್ನು ಮುಚ್ಚಿ, ಅದೇ ಹೆಸರನ್ನು ಹೊಸ ವ್ಯವಸ್ಥೆಗೆ ಇಡಲಾಯಿತು.

ಸೇರದವರನ್ನು ಬಗ್ಗಿಸಲು ಬಳಸಿದ ಮುಖ್ಯ ಅಸ್ತ್ರ ಲೆವಿ. ನಮ್ಮಲ್ಲಿ ಭತ್ತದ ಲೆವಿ ಕಂಡ ಹಿರಿಯರಿಗೆ ಇದರ ರುಚಿ ಸ್ವಲ್ಪ ಗೊತ್ತಿದೆ. ಅಲ್ಲಿಯದು ಅದರ ಹತ್ತು ಪಾಲು ಕಠಿಣ. ಗೋಧಿ ಮಾತ್ರವಲ್ಲ, ಹಾಲು, ಮೊಟ್ಟೆ, ಮಾಂಸ, ಹಂದಿಯ ಕೊಬ್ಬು ಎಲ್ಲವನ್ನೂ ಸರ್ಕಾರ ಹೇಳಿದ ಬೆಲೆಗೆ, ಹೇಳಿದ ಪ್ರಮಾಣದಲ್ಲಿ ಒಪ್ಪಿಸಬೇಕಿತ್ತು. ಬೆಲೆ ಖರ್ಚಿಗೂ ಸಾಲುತ್ತಿರಲಿಲ್ಲ. ಪ್ರಮಾಣವನ್ನು ಜಮೀನಿನ ಮೇಲೆ ಕಟ್ಟಿದ್ದರಿಂದ ಕೋಳಿ ಇಲ್ಲದವರು ಪೇಟೆಯಲ್ಲಿ ಮೊಟ್ಟೆ ಕೊಂಡು ತಂದು ಒಪ್ಪಿಸಿದ್ದೂ ಉಂಟು. ಸ್ವಂತ ಹಂದಿ ಕೊಯ್ಯಲು ಪರವಾನಗಿ ಬೇಕು. ಕದ್ದು ಕೊಯ್ದರೆ ಜೈಲು. (ಪೇತರ್ ಬಾಚೊ ಎಂಬ ನಿರ್ದೇಶಕರು 1969ರಲ್ಲಿ ತೆಗೆದ ಒಂದು ಹಾಸ್ಯ ಚಿತ್ರದ ಕತೆ ಇಂಥ ಕಳ್ಳ ಹಂದಿಯಿಂದಲೇ ಶುರುವಾಗುತ್ತದೆ. ಸರ್ಕಾರ ಅದನ್ನು ಹತ್ತು ವರ್ಷ ಡಬ್ಬಿಯಲ್ಲಿಟ್ಟಿತ್ತು.) ಲೆವಿ ಬಾಕಿ ಉಳಿದರೆ ಅಧಿಕಾರಿಗಳು ಮನೆಗೆ ನುಗ್ಗಿ, ಕಾಳು ಇಡುವ ಅಟ್ಟವನ್ನು ಬರಿದು ಮಾಡಿಕೊಂಡು ಹೋಗುತ್ತಿದ್ದರು. ಬೀಜಕ್ಕೆಂದು ಇಟ್ಟದ್ದನ್ನೂ ಬಿಡುತ್ತಿರಲಿಲ್ಲ. "ಅಟ್ಟ ಗುಡಿಸುವುದು" ಎಂಬ ಮಾತು ಹಂಗೇರಿ ಭಾಷೆಯಲ್ಲಿ ಆ ಕಾಲದ ಹೆಸರಾಗಿಯೇ ಉಳಿದಿದೆ.

ಸುಮಾರು 35 ಎಕರೆಗಿಂತ ಹೆಚ್ಚು ಜಮೀನಿದ್ದವರನ್ನು "ಕುಲಕ್" ಎಂದು ಪಟ್ಟಿ ಮಾಡಿದರು. ಒಕ್ಕಣೆ ಯಂತ್ರವೋ ಹೋಟೆಲೋ ಇದ್ದರೆ ಅದಕ್ಕಿಂತ ಕಡಿಮೆ ಜಮೀನಿನವರೂ ಪಟ್ಟಿಗೆ ಬರುತ್ತಿದ್ದರು. ಪಟ್ಟಿಯಲ್ಲಿ ಹೆಸರಿದ್ದರೆ ಹೆಚ್ಚಿನ ತೆರಿಗೆ, ಮಕ್ಕಳಿಗೆ ಕಾಲೇಜಿಲ್ಲ. ಚೆನ್ನಾಗಿ ಬೇಸಾಯ ಮಾಡುವುದೇ ಅಪರಾಧವಾಯಿತು. ಇಂಥ ಕಡೆ ಜಮೀನನ್ನು ಬೀಳುಬಿಟ್ಟು ಜನ ಪಟ್ಟಣದ ಕಾರ್ಖಾನೆಗಳಿಗೆ ಹೋದದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1953ರಲ್ಲಿ ಸ್ಟಾಲಿನ್ ತೀರಿಕೊಂಡ ಮೇಲೆ ಇಮ್ರೆ ನಾಜ್ ಪ್ರಧಾನಿಯಾಗಿ, ಬೇಡವಾದವರು ಸಂಘ ಬಿಡಬಹುದು ಎಂದರು. 1955ರಲ್ಲಿ ಅವರನ್ನು ಇಳಿಸಲಾಯಿತು. 1956ರ ಅಕ್ಟೋಬರ್ 23ರಂದು ರಾಜಧಾನಿ ಬುಡಾಪೆಸ್ಟ್‌ನಲ್ಲಿ ಜನ ದಂಗೆಯೆದ್ದರು. ನಾಜ್ ಮತ್ತೆ ಪ್ರಧಾನಿಯಾದರು. ನವೆಂಬರ್ 4ರಂದು ಸೋವಿಯೆತ್ ಟ್ಯಾಂಕುಗಳು ಬಂದವು. ಸುಮಾರು ಎರಡು ಲಕ್ಷ ಜನ ದೇಶ ಬಿಟ್ಟರು. 1958ರಲ್ಲಿ ನಾಜ್ ಅವರನ್ನು ಗಲ್ಲಿಗೇರಿಸಲಾಯಿತು. ಈ ಗದ್ದಲದ ನಡುವೆ ಹಳ್ಳಿಗಳಲ್ಲಿ ನಡೆದದ್ದನ್ನು ಚರಿತ್ರೆಯ ಪುಸ್ತಕಗಳು ಒಂದೇ ಸಾಲಿನಲ್ಲಿ ಮುಗಿಸುತ್ತವೆ: ಬಾಗಿಲು ತೆರೆದದ್ದೇ ತಡ, ಸಂಘಗಳ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಎದ್ದು ಹೊರಟರು. ಎಂಟು ವರ್ಷದ ಸದಸ್ಯತ್ವದ ಲೆಕ್ಕ ಕೆಲವೇ ವಾರಗಳಲ್ಲಿ ಬಯಲಾಯಿತು.

ಇಲ್ಲಿ ನಮ್ಮ ದೇಶದ ಒಂದು ನಂಟನ್ನೂ ಹೇಳಬೇಕು. ದಂಗೆಯ ನಂತರ ಜೀವಾವಧಿ ಶಿಕ್ಷೆಗೆ ಒಳಗಾದವರಲ್ಲಿ ಆರ್ಪಾದ್ ಗೊಂಟ್ಸ್ ಎಂಬವರು ಒಬ್ಬರು. ಹಿಂದೆ ಮಣ್ಣು ಸಂರಕ್ಷಣೆಯ ಕೆಲಸ ಮಾಡುತ್ತಿದ್ದವರು. ಅವರು ಬುಡಾಪೆಸ್ಟ್‌ನ ಭಾರತೀಯ ರಾಜತಾಂತ್ರಿಕರ ಸಂಪರ್ಕದಲ್ಲಿದ್ದರು. ಅವರಿಗೆ ನೇಣು ತಪ್ಪಿದ್ದರಲ್ಲಿ ನೆಹರೂ ಸರ್ಕಾರದ ಮಧ್ಯಪ್ರವೇಶದ ಪಾಲಿದೆ ಎನ್ನುತ್ತಾರೆ. 1963ರಲ್ಲಿ ಬಿಡುಗಡೆಯಾದ ಗೊಂಟ್ಸ್ 1990ರಿಂದ 2000ದವರೆಗೆ ಹಂಗೇರಿಯ ರಾಷ್ಟ್ರಾಧ್ಯಕ್ಷರಾಗಿದ್ದರು.

ಹಿತ್ತಿಲ ತುಂಡು

ಹೊಸ ನಾಯಕ ಯಾನೋಶ್ ಕಾದಾರ್ ಲೆವಿಯನ್ನು ಮರಳಿ ತರಲಿಲ್ಲ. ಆದರೆ 1959ರಿಂದ 1961ರ ನಡುವೆ ಜಮೀನನ್ನು ಮತ್ತೆ ಸಂಘಗಳಿಗೆ ಸೇರಿಸಿದರು. ಪಟ್ಟಣದಿಂದ ಬಂದ ಪ್ರಚಾರಕರು ಒಂದೇ ಮನೆಗೆ ದಿನ ಬಿಟ್ಟು ದಿನ ಹೋಗಿ ಕೂತು, ಸಹಿ ಬೀಳುವವರೆಗೆ ಏಳುತ್ತಿರಲಿಲ್ಲ. ಕೆಲವೆಡೆ ಹೊಡೆತವೂ ಬಿತ್ತು. 1961ರ ಹೊತ್ತಿಗೆ ಸ್ವಂತ ಬೇಸಾಯಗಾರ ಎಂಬುವನು ಅಪರೂಪವಾದ.

ಹಾಗಾದರೆ ಈ ಸಲ ಸಂಘಗಳು ಮುರಿದು ಬೀಳದೆ ಮೂವತ್ತು ವರ್ಷ ನಡೆದದ್ದು ಹೇಗೆ? ನಮ್ಮ ಅಭ್ಯಾಸಕ್ಕೆ ಬೇಕಾದ ಭಾಗ ಇದು.

ಮೊದಲನೆಯದಾಗಿ, ಹಿಂದಿನ ಕುಲಕ್‌ಗಳನ್ನೂ ಸಂಘಕ್ಕೆ ಬಿಟ್ಟುಕೊಂಡರು. ಬೇಸಾಯ ಬಲ್ಲವರು ಅಧ್ಯಕ್ಷರೂ ಆಗಲು ಸಾಧ್ಯವಾಯಿತು. ಸದಸ್ಯರಿಗೆ ನಿವೃತ್ತಿ ವೇತನ ಬಂತು. ಜಮೀನು ಕೊಟ್ಟವರಿಗೆ ಅದರ ಬಾಡಿಗೆಯೂ ಸ್ವಲ್ಪ ಸಿಗುತ್ತಿತ್ತು. ನಾದುದ್ವರ್ ಎಂಬ ಊರಿನ ಸಂಘ ಜೋಳದ ಹೊಲವನ್ನು ಕುಟುಂಬಗಳಿಗೆ ಹಂಚಿ, ಕಳೆ ತೆಗೆದು ಬೆಳೆದದ್ದರಲ್ಲಿ ಪಾಲು ಕೊಟ್ಟಿತು. ನಮ್ಮಲ್ಲಿ ವಾರಕ್ಕೆ ಕೊಡುವ ಹಾಗೆಯೇ. ಪುಸ್ತಕದ ಕಮ್ಯುನಿಸಂಗೆ ಇದು ಹೊಂದುವುದಿಲ್ಲ. ಆದರೆ ಹೊಲದಲ್ಲಿ ಕಳೆ ಉಳಿಯಲಿಲ್ಲ. ಈ ಪದ್ಧತಿಗೆ ಆ ಊರಿನ ಹೆಸರೇ ಬಂತು.

ಎಲ್ಲಕ್ಕಿಂತ ಮುಖ್ಯವಾದದ್ದು ಹಿತ್ತಿಲ ತುಂಡು. ಪ್ರತಿ ಸದಸ್ಯ ಕುಟುಂಬಕ್ಕೆ ಸುಮಾರು ಒಂದೂವರೆ ಎಕರೆಯವರೆಗೆ ಜಮೀನು ಸ್ವಂತ ಬಳಕೆಗೆ. ಅಲ್ಲಿ ಹಸು, ಹಂದಿ, ಕೋಳಿ, ತರಕಾರಿ. ಎಷ್ಟು ಪ್ರಾಣಿ ಸಾಕಬಹುದು ಎಂಬ ಮಿತಿಯನ್ನೂ ಕ್ರಮೇಣ ಸಡಿಲಿಸಲಾಯಿತು. 1968ರ ಜನವರಿ 1ರಿಂದ ಹೊಸ ಆರ್ಥಿಕ ನೀತಿ ಬಂದ ಮೇಲೆ ಇದು ಇನ್ನೂ ಹರಡಿತು. ಸಂಘ ಮೇವು, ಹಂದಿಮರಿ, ಪಶುವೈದ್ಯರನ್ನು ಒದಗಿಸಿ, ಬೆಳೆದದ್ದನ್ನು ತಾನೇ ಕೊಂಡು ಮಾರುತ್ತಿತ್ತು. ಗೋಧಿಗೆ ಟ್ರ್ಯಾಕ್ಟರು, ದನಕ್ಕೆ ಮನೆಯವರ ಕೈ, ಹೀಗೆ ಕೆಲಸ ಹಂಚಿಹೋಯಿತು. ಬೆಳಿಗ್ಗೆ ಸಂಜೆ ಕ್ಯಾನು ಹಿಡಿದು ಊರಿನ ಹಾಲಿನ ಮನೆಯ ಮುಂದೆ ಸಾಲು ನಿಂತ ಹೆಂಗಸರ ಚಿತ್ರ ಆ ಕಾಲದ ಹಂಗೇರಿ ಹಳ್ಳಿಯದೂ ಹೌದು. ಒಟ್ಟು ಕೃಷಿ ಉತ್ಪನ್ನದ ಮೂರನೇ ಒಂದು ಭಾಗದಷ್ಟು ಇಂಥ ಸಣ್ಣ ಹಿಡುವಳಿಗಳಿಂದಲೇ ಬರುತ್ತಿತ್ತು.

ಹಳ್ಳಿಗಳು ಕಣ್ಣಿಗೆ ಕಾಣುವಂತೆ ಬದಲಾದವು. ಮುಯ್ಯಾಳು ಪದ್ಧತಿಯಲ್ಲಿ ನೆಂಟರು ನೆರೆಯವರು ಸೇರಿ ಚೌಕಾಕಾರದ ಹೊಸ ಮನೆಗಳನ್ನು ಕಟ್ಟಿಕೊಂಡರು. ಅವುಗಳನ್ನು ಇಂದಿಗೂ "ಕಾದಾರ್ ಚೌಕ" ಎನ್ನುತ್ತಾರೆ. ಆದರೆ ಈ ಮನೆಗಳ ಬೆಲೆಯನ್ನೂ ಹೇಳಬೇಕು. ಹಗಲು ಸಂಘದಲ್ಲೋ ಕಾರ್ಖಾನೆಯಲ್ಲೋ ದುಡಿತ, ಮುಂಜಾನೆ ರಾತ್ರಿ ಕೊಟ್ಟಿಗೆಯಲ್ಲಿ. ಆ ತಲೆಮಾರು ಮೈ ಸವೆಸಿತು, ಹೆಂಗಸರು ಇನ್ನೂ ಹೆಚ್ಚು. ಸಂಘ ಬಿಡುವ ಸ್ವಾತಂತ್ರ್ಯವಾಗಲಿ, ಪಕ್ಷಕ್ಕೆ ಬೇಡವಾದವರನ್ನು ಅಧ್ಯಕ್ಷರನ್ನಾಗಿ ಆರಿಸುವ ಸ್ವಾತಂತ್ರ್ಯವಾಗಲಿ ಕೊನೆಯವರೆಗೂ ಸಿಗಲಿಲ್ಲ. 1967ರ ಕಾನೂನಿನ ನಂತರ ಬಹಳಷ್ಟು ಜಮೀನು ಸಂಘದ ಹೆಸರಿಗೇ ಹೋಯಿತು. ಸದಸ್ಯನಲ್ಲದ ವಾರಸುದಾರನಿಗೆ ಉಳಿದದ್ದು ಅಜ್ಜನ ಹೊಲದ ನೆನಪು.

ಹಂಚಿಕೆ ಮತ್ತು ಒಡೆತ

1989ರ ಜೂನ್ 16ರಂದು ಇಮ್ರೆ ನಾಜ್ ಅವರ ಅವಶೇಷಗಳಿಗೆ ಗೌರವದಿಂದ ಮರುಸಂಸ್ಕಾರ ನಡೆಯಿತು. ಮರುವರ್ಷ ಮುಕ್ತ ಚುನಾವಣೆ ಆಯಿತು. ಹೊಸ ಸಮ್ಮಿಶ್ರ ಸರ್ಕಾರದಲ್ಲಿದ್ದ ಸಣ್ಣ ಹಿಡುವಳಿದಾರರ ಪಕ್ಷ, 1947ರಲ್ಲಿ ಜಮೀನು ಯಾರದಿತ್ತೋ ಅವರಿಗೇ ಮರಳಬೇಕು ಎಂದು ಪಟ್ಟು ಹಿಡಿಯಿತು. ಹಾಗೆಯೇ ಕೊಡಲು ಆಗಲಿಲ್ಲ. 1991ರ ಕಾನೂನಿನಂತೆ ಜಮೀನು ಕಳೆದುಕೊಂಡವರಿಗೆ ಪರಿಹಾರ ಪತ್ರ ಕೊಟ್ಟು, ಹರಾಜಿನಲ್ಲಿ ಅದರಿಂದ ಜಮೀನು ಕೊಳ್ಳಲು ಬಿಟ್ಟರು. ಅಳತೆಗೆ ಬಳಸಿದ್ದು "ಚಿನ್ನದ ಕ್ರೌನ್" ಎಂಬ ರಾಜರ ಕಾಲದ ಮಾನ. ನಮ್ಮ ಹಳೆಯ ಸರ್ವೆಯಲ್ಲಿ ಜಮೀನಿನ ದರ್ಜೆಯನ್ನು ಆಣೆ ಲೆಕ್ಕದಲ್ಲಿ ಬರೆಯುತ್ತಿದ್ದ ಹಾಗೆ. ಒಂದು ಕ್ರೌನ್‌ಗೆ ಸಾವಿರ ಫೊರಿಂಟ್ ಎಂದು ಕಟ್ಟಿದರು.

ನ್ಯಾಯ ಬೇಕಾಗಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಮೀನು ಬಂದದ್ದು ಬಹಳ ಸಲ ಪಟ್ಟಣದಲ್ಲಿರುವ ಮೊಮ್ಮಕ್ಕಳಿಗೆ. 1992ರ ಕಾನೂನಿನಂತೆ ಸಂಘದ ಆಸ್ತಿಯನ್ನೂ ಸದಸ್ಯರಿಗೆ ಪಾಲಿನ ಪತ್ರಗಳಾಗಿ ಹಂಚಿದರು. ಆ ಪತ್ರಗಳನ್ನು ಕವಡೆ ಕಾಸಿಗೆ ಕೊಂಡು ದೊಡ್ಡವರಾದ ಹಳೆಯ ಆಡಳಿತಗಾರರಿಗೆ ಜನ "ಹಸಿರು ಜಮೀನ್ದಾರರು" ಎಂದು ಹೆಸರಿಟ್ಟರು. ಸೋವಿಯೆತ್ ಮಾರುಕಟ್ಟೆಯೂ ಅದೇ ಹೊತ್ತಿಗೆ ಕೈಬಿಟ್ಟಿತು. ಮೇವು ಒದಗಿಸಿ ಹಂದಿ ಕೊಳ್ಳುತ್ತಿದ್ದ ಸಂಘ ಇಲ್ಲವಾದಾಗ ಹಿತ್ತಿಲ ಕೊಟ್ಟಿಗೆಯೂ ಖಾಲಿಯಾಯಿತು. 1990ರಲ್ಲಿ ಸುಮಾರು 16 ಲಕ್ಷ ಇದ್ದ ದನಗಳು ಐದೇ ವರ್ಷದಲ್ಲಿ 10 ಲಕ್ಷಕ್ಕಿಂತ ಕೆಳಗಿಳಿದವು. ಕೆಲಸ ಮೊದಲು ಹೋದದ್ದು ಭೂಮಿಯೇ ಇಲ್ಲದ ಕೂಲಿಗಳಿಗೆ, ಅವರಲ್ಲಿಯೂ ರೋಮಾ ಜನಾಂಗದವರಿಗೆ. ಒತ್ತಾಯದ ಸಂಘವನ್ನು ಒಡೆಯುವಾಗ, ರೈತ ಅದರಿಂದ ನಿಜವಾಗಿ ಪಡೆಯುತ್ತಿದ್ದ ಸೇವೆಯನ್ನು ಉಳಿಸಿಕೊಳ್ಳುವ ದಾರಿಯನ್ನು ಯಾರೂ ಮೊದಲೇ ಯೋಚಿಸಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ.

"ಸಹಕಾರ" ಎಂಬ ಪದ ಕೇಳಿದರೆ ಹಳ್ಳಿಯ ಹಿರಿಯರು ಬೆಚ್ಚುತ್ತಿದ್ದ ಆ ದೇಶದಲ್ಲಿ, 2000ದ ದಶಕದಲ್ಲಿ ಹಾಲು ಉತ್ಪಾದಕರೇ ಕೂಡಿ "ಅಲ್‌ಫೊಲ್ದಿ ತೆಯ್", ಅಂದರೆ ಬಯಲುಸೀಮೆ ಹಾಲು, ಎಂಬ ಸಂಸ್ಥೆ ಕಟ್ಟಿದರು. ಸೆಕೆಶ್‌ಫೆಹೇರ್‌ವಾರ್ ನಗರದಲ್ಲಿ ಪರ್ಮಲಾಟ್ ಎಂಬ ವಿದೇಶಿ ಕಂಪನಿಯ ಕೈಯಲ್ಲಿದ್ದ ಡೇರಿಯನ್ನು ಕೊಂಡು ತಾವೇ ನಡೆಸತೊಡಗಿದರು. ಈ ಸಲ ಸಹಿ ಹಾಕಿಸಲು ಯಾರೂ ಅವರ ಮನೆಗೆ ಬಂದು ಕೂತಿರಲಿಲ್ಲ. ಆದರೆ ಅದಕ್ಕೆ ಹಾಲು ಕೊಡುವವರಲ್ಲಿ ಹೆಚ್ಚಿನವು ದೊಡ್ಡ ಫಾರಂಗಳು. ಒಂದೆರಡು ಹಸು ಕಟ್ಟಿ ಕ್ಯಾನು ಹಿಡಿದು ಬರುತ್ತಿದ್ದ ಹೆಂಗಸರ ಸಾಲು ಆ ಹೊತ್ತಿಗಾಗಲೇ ಕರಗಿಹೋಗಿತ್ತು.