ಎರೆಮಣ್ಣಿನ ಅಂಗಳಕ್ಕೆ ಎತ್ತರದ ಹೂಮಡಿ

ಚಿಕ್ಕೋಡಿ ಕಡೆಯ ಓದುಗರೊಬ್ಬರ ಪ್ರಶ್ನೆ: ಮನೆಮುಂದಿನ ಹೂಗಿಡಗಳು ಮಳೆಗಾಲದಲ್ಲಿ ಕೊಳೆಯುವುದೇಕೆ?

ಕಾರಣ ಎರೆಮಣ್ಣು. ಮಳೆಗೆ ಉಬ್ಬಿ ನೀರು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ಗುಂಡಿ ತೋಡುವ ಬದಲು ಒಂದಡಿ ಎತ್ತರ, 3–4 ಅಡಿ ಅಗಲದ ಮಡಿ ಕಟ್ಟುವುದು ಒಳಿತು. ಅದಕ್ಕೆ ಕೆಂಪು ಮಣ್ಣು 2 ಪಾಲು, ಕಳಿತ ತಿಪ್ಪೆಗೊಬ್ಬರ 1, ಮರಳು 1. ಮನೆಯ ಗೋಡೆಯಿಂದ ಎರಡಡಿ ದೂರವಿದ್ದರೆ ಅಡಿಪಾಯಕ್ಕೆ ತೇವ ಹತ್ತದು.

ಅಥಣಿ, ರಾಯಬಾಗ, ಕಾಗವಾಡಗಳ ನೀರಾವರಿ ಭಾಗದಲ್ಲಿ ಅಲ್ಲಲ್ಲಿ ಸವಳೂ ಉಂಟು. ಅಂಥಲ್ಲಿ ಮೊದಲು ಮಣ್ಣು ಪರೀಕ್ಷೆ ಆಗಬೇಕು. ಅರಭಾವಿಯ ತೋಟಗಾರಿಕೆ ಕಾಲೇಜಿನ ತಜ್ಞರನ್ನೂ ವಿಚಾರಿಸಬಹುದು.

ಹಿಂಸಾಲಿಗೆ ದಾಸವಾಳ, ಮುಂದೆ ಸೇವಂತಿಗೆ, ಚೆಂಡುಹೂ. ಕಣಗಿಲೆ ವಿಷ, ಮಕ್ಕಳು, ದನಗಳಿರುವ ಅಂಗಳಕ್ಕೆ ಬೇಡ. ಚೆಂಡುಹೂವಿನ ಸಸಿ ಜುಲೈ ಕೊನೆಗೆ ನೆಟ್ಟರೆ ದಸರೆಯ ಹೊತ್ತಿಗೆ ಹೂ. ಬೇಸಿಗೆಗೆ ಬುಡದ ಸುತ್ತ ಕಬ್ಬಿನ ರವದಿ ಹೊದಿಸಬೇಕು.