ಉಗುರು ಕೆಡಿಸಿದ ಪಾರ್ಲರ್ ಮೇಲೆ ದೂರು ಕೊಡಬಹುದೇ?

ಮದುವೆ ಕಾಲ ಬಂತೆಂದರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಯ ಬ್ಯೂಟಿಪಾರ್ಲರ್‌ಗಳಿಗೆ ಬಿಡುವಿರುವುದಿಲ್ಲ. ಮೆಹಂದಿ, ಫೇಶಿಯಲ್ ಜೊತೆಗೆ ಈಗ ಉಗುರಿನ ಸಿಂಗಾರವೂ ಸೇರಿದೆ. ಜೆಲ್ ಪಾಲಿಶ್, ನೇಲ್ ಎಕ್ಸ್‌ಟೆನ್ಷನ್ ಬೇಕೆನ್ನುವವರು ಹೊಸಪೇಟೆಗೋ ದಾವಣಗೆರೆಗೋ ಬಸ್ಸು ಹತ್ತುವುದೂ ಉಂಟು.

ಅಂಟಿಸಿದ ಉಗುರು ಎರಡೇ ದಿನಕ್ಕೆ ಕಿತ್ತು ಬಂದರೆ? ಮಷಿನ್ನಿನಿಂದ ಉಜ್ಜಿದ್ದಕ್ಕೆ ಸ್ವಂತ ಉಗುರೇ ತೆಳುವಾಗಿ ಉರಿ ಹತ್ತಿದರೆ? ತೊಳೆಯದ ಕತ್ತರಿ ತಾಗಿ ಉಗುರುಸುತ್ತಾಗಿ ಕೀವು ತುಂಬಿದರೆ? ಕೇಳಲು ಹೋದವರಿಗೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: "ನಿಮ್ಮ ಉಗುರೇ ಹಂಗೈತಿ, ನಾವೇನು ಮಾಡೋಣ." ಮನೆಯವರೂ "ಹೋಗ್ಲಿ ಬಿಡವ್ವ, ಸಾವಿರ ರೂಪಾಯಿಗೆ ಯಾರು ಕೋರ್ಟು ಅಲೀತಾರ" ಎಂದು ಸಮಾಧಾನ ಹೇಳುತ್ತಾರೆ. ಆ ಮಾತಿಗೆ ಈಗ ಅರ್ಥವಿಲ್ಲ. ಸಾವಿರ ರೂಪಾಯಿಯ ದೂರಿಗೂ ಕಾನೂನಿನಲ್ಲಿ ಜಾಗವಿದೆ, ಅದಕ್ಕೆ ಶುಲ್ಕವೂ ಇಲ್ಲ.

2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ದುಡ್ಡು ಕೊಟ್ಟು ಸೇವೆ ಪಡೆದವರೆಲ್ಲ ಗ್ರಾಹಕರೇ. ಪಾರ್ಲರ್ ದೊಡ್ಡ ಕಂಪನಿಯದ್ದಾಗಿರಲಿ, ಮನೆಯ ಮುಂಗೋಣೆಯಲ್ಲಿ ನಡೆಯುತ್ತಿರಲಿ, ವ್ಯತ್ಯಾಸವಿಲ್ಲ. ಒಪ್ಪಿಕೊಂಡ ಕೆಲಸದ ಗುಣಮಟ್ಟದಲ್ಲಿ ಕೊರತೆಯಾದರೆ, ನಿರ್ಲಕ್ಷ್ಯದಿಂದ ನಷ್ಟ ಅಥವಾ ಗಾಯವಾದರೆ ಅದು 'ಸೇವಾ ನ್ಯೂನತೆ'. ಬಿಲ್ ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿಯ ಪಟ್ಟಿಯಲ್ಲಿದೆ. ಕೆಟ್ಟ ಸೇವೆ ಕೊಟ್ಟು, ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅಂಥ ಅವಧಿ ಬರೆದಿಲ್ಲದಿದ್ದರೆ 30 ದಿನದೊಳಗೆ, ಹಣ ಮರಳಿಸಲು ಒಪ್ಪದಿರುವುದೂ ಅದೇ ಪಟ್ಟಿಯಲ್ಲಿದೆ. ಬೇಡವೆಂದರೂ ಗಲ್ಲಾಪೆಟ್ಟಿಗೆಯ ಮುಂದೆ ನಿಂತು ಬಿಲ್ ಕೇಳಬೇಕಾದ್ದು ಇದಕ್ಕಾಗಿಯೇ. ಪರಿಚಯದವರು ಪುಕ್ಕಟೆ ಮಾಡಿಕೊಟ್ಟ ಕೆಲಸಕ್ಕೆ ಮಾತ್ರ ಈ ಕಾಯ್ದೆ ಅನ್ವಯಿಸದು.

ಸೌಂದರ್ಯ ಸೇವೆಯ ವ್ಯಾಜ್ಯಗಳಲ್ಲಿ ದೇಶದಲ್ಲೇ ಹೆಚ್ಚು ಸುದ್ದಿಯಾದದ್ದು ಒಂದು ಹೇರ್‌ಕಟ್. 2018ರ ಏಪ್ರಿಲ್ 12ರಂದು ದೆಹಲಿಯ ಐಟಿಸಿ ಮೌರ್ಯ ಹೋಟೆಲಿನ ಸಲೂನಿಗೆ ಹೋದ ಮಹಿಳೆಯೊಬ್ಬರು ಕೆಳಗಿನಿಂದ ನಾಲ್ಕು ಇಂಚು ಕತ್ತರಿಸಿ ಎಂದಿದ್ದರು. ಕತ್ತರಿಸಿದವರು ಮೇಲಿನಿಂದ ನಾಲ್ಕೇ ಇಂಚು ಉಳಿಸಿದರು ಎಂಬುದು ಅವರ ದೂರು. ಆಮೇಲೆ ಸರಿಪಡಿಸಲೆಂದು ಮಾಡಿದ ಚಿಕಿತ್ಸೆಯಿಂದ ನೆತ್ತಿಯ ಚರ್ಮವೂ ಕೆಟ್ಟಿತೆಂದು ಅವರು ಹೇಳಿದರು. ರಾಷ್ಟ್ರೀಯ ಗ್ರಾಹಕ ಆಯೋಗ 2021ರ ಸೆಪ್ಟೆಂಬರ್ 21ರಂದು ಬರೋಬ್ಬರಿ 2 ಕೋಟಿ ರೂಪಾಯಿ ಪರಿಹಾರ ಕೊಡಿಸಿತು. ಹೋಟೆಲು ಸುಪ್ರೀಂ ಕೋರ್ಟಿಗೆ ಹೋಯಿತು. 2023ರ ಫೆಬ್ರವರಿ 7ರ ತೀರ್ಪಿನಲ್ಲಿ ನ್ಯಾಯಮೂರ್ತಿಗಳಾದ ಅನಿರುದ್ಧ ಬೋಸ್ ಮತ್ತು ವಿಕ್ರಮ್ ನಾಥ್ ಅವರ ಪೀಠ, ಸೇವಾ ನ್ಯೂನತೆಯಾಗಿದೆ ಎಂಬ ನಿರ್ಧಾರಕ್ಕೆ ಕೈ ಹಾಕಲಿಲ್ಲ. ಆದರೆ 2 ಕೋಟಿಗೆ ಆಧಾರವೆಲ್ಲಿ ಎಂದು ಕೇಳಿ ಮೊತ್ತವನ್ನು ರದ್ದುಪಡಿಸಿ, ಮತ್ತೆ ವಿಚಾರಣೆಗೆ ಕಳಿಸಿತು. ಮುಂಚೆ ಎಷ್ಟು ಸಂಪಾದನೆಯಿತ್ತು, ಯಾವ ಕೆಲಸ ಕೈತಪ್ಪಿತು ಎಂಬುದಕ್ಕೆ ದಾಖಲೆ ಬೇಕಿತ್ತು.

ಕೊಟ್ಟೂರಿನ ಗ್ರಾಹಕಿಗೂ ಅದೇ ಅಳತೆ. ತಪ್ಪು ನಡೆದಿದೆ ಎಂದು ಸಾಬೀತುಪಡಿಸುವುದು ಒಂದು ಕೆಲಸ, ನಷ್ಟ ಇಷ್ಟು ಎಂದು ತೋರಿಸುವುದು ಇನ್ನೊಂದು. ಐದು ಲಕ್ಷ ಕೇಳಿ ಆಧಾರವಿಲ್ಲದೆ ನಿಲ್ಲುವುದಕ್ಕಿಂತ, ಪಾರ್ಲರಿಗೆ ಕೊಟ್ಟ ಹಣ, ಡಾಕ್ಟರ ಫೀಸು, ಔಷಧಿ, ಬಸ್ ಚಾರ್ಜು, ತಪ್ಪಿದ ಕೂಲಿ ಇವಕ್ಕೆ ಚೀಟಿ ಹಿಡಿದು, ಮಾನಸಿಕ ಯಾತನೆಗೆ ನ್ಯಾಯವೆನಿಸುವಷ್ಟು ಕೇಳುವವರ ದೂರು ಗಟ್ಟಿ.

ಕೆಲವೊಮ್ಮೆ ವಿಷಯ ದುಡ್ಡಿಗೇ ನಿಲ್ಲುವುದಿಲ್ಲ. 2023ರ ಮಾರ್ಚ್‌ನಲ್ಲಿ ಹಾಸನ ಜಿಲ್ಲೆಯ ಅರಸೀಕೆರೆಯಲ್ಲಿ ಮದುವೆಗೆ ಮುಂಚೆ ಪಾರ್ಲರಿಗೆ ಹೋದ ಯುವತಿಯೊಬ್ಬಳ ಮುಖ ಊದಿಕೊಂಡು ಆಸ್ಪತ್ರೆ ಸೇರಬೇಕಾಯಿತು; ಮದುವೆ ನಿಗದಿಯಂತೆ ನಡೆಯಲಿಲ್ಲ. ದೂರು ಪೊಲೀಸ್ ಠಾಣೆಗೆ ಹೋಯಿತು. ನಿರ್ಲಕ್ಷ್ಯದಿಂದ ದೇಹಕ್ಕೆ ಪೆಟ್ಟಾದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 125 ಇದೆ. ಪೊಲೀಸ್ ದೂರು ಕೊಟ್ಟ ಮಾತ್ರಕ್ಕೆ ಗ್ರಾಹಕ ಆಯೋಗದ ಬಾಗಿಲು ಮುಚ್ಚುವುದಿಲ್ಲ.

ಹಾಗಾದರೆ ಕೈ ಕೆಟ್ಟ ದಿನವೇ ಮಾಡಬೇಕಾದ್ದೇನು? ಬೆರಳುಗಳ ಫೋಟೊ ತೆಗೆಯಬೇಕು, ಹತ್ತಿರದಿಂದ ಮತ್ತು ಬೆಳಕಿನಲ್ಲಿ. ಎರಡು ದಿನ ಬಿಟ್ಟು ಮತ್ತೊಮ್ಮೆ. ಸಾಧ್ಯವಾದರೆ ಬಳಸಿದ ಬಾಟಲಿಯ ಲೇಬಲ್ಲಿನದೂ ಇರಲಿ, ತಯಾರಕರ ಹೆಸರು, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನ ಕಾಣುವಂತೆ. ಬಿಲ್ ಸಿಗದಿದ್ದರೆ ಫೋನ್‌ಪೇ ಅಥವಾ ಗೂಗಲ್‌ಪೇ ಪಾವತಿಯ ವಿವರವೇ ಆಧಾರ. ಅಪಾಯಿಂಟ್‌ಮೆಂಟ್ ಪಡೆದ ವಾಟ್ಸ್‌ಆ್ಯಪ್ ಮಾತುಕತೆ ಅಳಿಸಬಾರದು. ಗಾಯವಿದ್ದರೆ ಮನೆಮದ್ದಿಗೆ ನಿಲ್ಲದೆ ತಾಲ್ಲೂಕು ಆಸ್ಪತ್ರೆಯಲ್ಲಿ ತೋರಿಸಿ, ಚೀಟಿಯಲ್ಲಿ ಕಾರಣವನ್ನೂ ಬರೆಸಿಕೊಳ್ಳಬೇಕು. ಆ ಒಂದು ಸಾಲು ಎಷ್ಟೋ ವಾದಕ್ಕಿಂತ ಹೆಚ್ಚು.

ಮುಂದಿನದು ಪಾರ್ಲರಿಗೆ ಒಂದು ಪತ್ರ. ವಕೀಲರೇ ಬರೆಯಬೇಕೆಂದಿಲ್ಲ. "ಇಂಥ ದಿನ ಇಷ್ಟು ಹಣ ಕೊಟ್ಟು ಈ ಸೇವೆ ಪಡೆದೆ, ಹೀಗೆ ತೊಂದರೆಯಾಯಿತು, ಹದಿನೈದು ದಿನದೊಳಗೆ ಇಷ್ಟು ಹಣ ಮರಳಿಸಿ, ಇಲ್ಲದಿದ್ದರೆ ಗ್ರಾಹಕ ಆಯೋಗಕ್ಕೆ ಹೋಗುತ್ತೇನೆ" ಎಂದು ಬಿಳಿಹಾಳೆಯಲ್ಲಿ ಬರೆದು, ಪ್ರತಿ ಇಟ್ಟುಕೊಂಡು, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಜೋಪಾನ ಮಾಡಿದರೆ ಸಾಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ದೂರು ದಾಖಲಿಸಬಹುದು. ರಾಜಿಯಾಗಬಹುದಾದ ಜಗಳಗಳು ಈ ಹಂತದಲ್ಲೇ ಮುಗಿದರೆ ಎರಡೂ ಕಡೆಗೆ ಒಳಿತು.

ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಈ ಐದು ತಾಲ್ಲೂಕಿನವರಿಗೆ ಹೊಸ ಕಾಯ್ದೆಯ ದೊಡ್ಡ ಅನುಕೂಲ ಇರುವುದು ಇಲ್ಲಿ. ಸೇವೆ ಬೆಂಗಳೂರಿನಲ್ಲಿ ಪಡೆದಿದ್ದರೂ ದೂರುದಾರರು ವಾಸವಿರುವ ಅಥವಾ ದುಡಿಯುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು. ಹರಪನಹಳ್ಳಿಯವರಿಗೆ ಜಿಲ್ಲೆಯದೇ ಗೊಂದಲ: 2018ರವರೆಗೆ ದಾವಣಗೆರೆ, ಆಮೇಲೆ ಬಳ್ಳಾರಿ, 2021ರಿಂದ ಉಳಿದ ನಾಲ್ಕು ತಾಲ್ಲೂಕುಗಳ ಜೊತೆ ವಿಜಯನಗರ. ದೂರು ಯಾವ ಆಯೋಗದ ಮುಂದೆ ಎಂಬುದನ್ನು ತಾಲ್ಲೂಕಿನ ನ್ಯಾಯಾಲಯದಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಕೇಳಿ ಖಚಿತಪಡಿಸಿಕೊಂಡರೆ ಸುಮ್ಮನೆ ಓಡಾಟ ತಪ್ಪುತ್ತದೆ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ದೂರವಾಣಿ ಸಂಖ್ಯೆ 15100.

ಕೊಟ್ಟ ಹಣ 5 ಲಕ್ಷದವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಘಟನೆ ನಡೆದ ಎರಡು ವರ್ಷದೊಳಗೆ ಸಲ್ಲಿಸಬೇಕು. ವಕೀಲರು ಕಡ್ಡಾಯವಲ್ಲ, ತಾವೇ ವಾದಿಸಬಹುದು. ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಬಹುದು, ವಿಡಿಯೊ ಮೂಲಕ ಹಾಜರಾಗಲು ಕೇಳಿಕೊಳ್ಳಲೂಬಹುದು. ನೋಟಿಸ್ ತಲುಪಿದ 30 ದಿನದೊಳಗೆ, ಹೆಚ್ಚೆಂದರೆ ಇನ್ನು 15 ದಿನದಲ್ಲಿ, ಪಾರ್ಲರಿನವರು ಉತ್ತರ ಕೊಡಬೇಕು. ಪರೀಕ್ಷೆಗೆ ಕಳಿಸುವ ವಸ್ತುವಿಲ್ಲದ ದೂರನ್ನು ಮೂರು ತಿಂಗಳಲ್ಲಿ ಮುಗಿಸಲು ಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಅದಕ್ಕಿಂತ ತಡವಾಗುವುದುಂಟು, ತಾಳ್ಮೆ ಬೇಕು. ಆದೇಶ ಬಂದ ಮೇಲೂ ಹಣ ಕೊಡದವರಿಗೆ ಒಂದು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಇಲ್ಲವೇ 25,000ದಿಂದ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಪಾರ್ಲರ್ ನಡೆಸುವ ಹೆಣ್ಣುಮಕ್ಕಳಲ್ಲಿ ಸಾಲ ಮಾಡಿ ಅಂಗಡಿ ಇಟ್ಟವರೂ ಇದ್ದಾರೆ. ಸುಳ್ಳು ದೂರಿನಿಂದ ಅವರ ಅನ್ನ ಕೀಳಬಾರದು. ಆದರೆ ನಿಜವಾಗಿ ನೋವಾದವರು ಸಂಕೋಚಪಟ್ಟು ಸುಮ್ಮನಿರಬೇಕಿಲ್ಲ. ಈ ಸಲದ ಮದುವೆಗೆ ಉಗುರಿಗೆ ಬಣ್ಣ ಹಾಕಿಸಲು ಹೋದಾಗ ಬಿಲ್ ಕೇಳಿ ಪಡೆಯಿರಿ, ಮನೆಯ ಹೆಣ್ಣುಮಕ್ಕಳ ಫೋನಿನಲ್ಲಿ 1915 ಮತ್ತು 15100 ಬರೆದಿಡಿ.