ಬೈಯುವ ಜಾಹೀರಾತು ಮತ್ತು ನಮ್ಮ ಓಟು



2024ರ ಏಪ್ರಿಲ್ ತಿಂಗಳು, ಲೋಕಸಭೆ ಚುನಾವಣೆಯ ಕಾವು. ಕುಷ್ಟಗಿ ಕಡೆಯ ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. ಉಳಿತಾಯದ ಹಣ ಎಣಿಸುವ ಮುಂಚೆಯೇ ಒಬ್ಬ ತಾಯಿ ಪೇಪರ್ ತಂದು ನನ್ನ ಮುಂದೆ ಹಿಡಿದರು. ಕಾಂಗ್ರೆಸ್ ಪಕ್ಷದ ಜಾಹೀರಾತು, ಅದರಲ್ಲೊಂದು ಚೊಂಬು. "ಸಿಸ್ಟರ್, ನಾವು ಚರಿಗಿ ಹಿಡ್ಕೊಂಡು ಬಯಲಕಡಿಗೆ ಹೋಗೂದು ಇವರಿಗೂ ಗೊತ್ತಾತೇನು?" ಅಂದರು. ಎಲ್ಲರೂ ನಕ್ಕರು. ನನಗೆ ಮಾತ್ರ ಪೂರ್ತಿ ನಗು ಬರಲಿಲ್ಲ.

ಬೆಂಗಳೂರು, ಮೈಸೂರು ಕಡೆ "ಚೊಂಬು ಕೊಟ್ಟ" ಅಂದರೆ ಬರಿಗೈಯಲ್ಲಿ ಕಳಿಸಿದ, ಮೋಸ ಮಾಡಿದ ಅಂತ ಅರ್ಥ. ಕೇಂದ್ರದ ಮೋದಿ ಸರ್ಕಾರ ಕರ್ನಾಟಕಕ್ಕೆ ಕೊಟ್ಟದ್ದು ಖಾಲಿ ಚೊಂಬು ಎಂಬುದು ಜಾಹೀರಾತಿನ ಮಾತು. ಖಾಲಿ ಚೊಂಬನ್ನು ಮೋದಿಯವರು ಅಕ್ಷಯಪಾತ್ರೆ ಮಾಡಿದ್ದಾರೆ ಎಂದು ದೇವೇಗೌಡರು ಉತ್ತರ ಕೊಟ್ಟರು.

ಹೀಗೆ ತನ್ನ ಕೆಲಸ ಹೇಳುವುದಕ್ಕಿಂತ ಎದುರಿನವರ ತಪ್ಪನ್ನೇ ತೋರಿಸುವುದಕ್ಕೆ ನಕಾರಾತ್ಮಕ ಪ್ರಚಾರ ಎನ್ನುತ್ತಾರೆ. ಎಲ್ಲ ಪಕ್ಷದವರೂ ಮಾಡುತ್ತಾರೆ. ವಿಧಾನಸಭೆ ಚುನಾವಣೆಗೆ ಐದು ದಿನ ಇದ್ದಾಗ, 2023ರ ಮೇ 5ರಂದು, ಕಾಂಗ್ರೆಸ್ಸಿನವರು ಬಿಜೆಪಿ ಸರ್ಕಾರದ ಮೇಲೆ ಭ್ರಷ್ಟಾಚಾರದ "ರೇಟ್ ಕಾರ್ಡ್" ಪತ್ರಿಕೆಗಳಲ್ಲಿ ಹಾಕಿಸಿದರು. ಸಾಕ್ಷಿ ಕೊಡಿ ಎಂದು ಚುನಾವಣಾ ಆಯೋಗ ನೋಟಿಸ್ ಕಳಿಸಿತು. ಬಿಜೆಪಿ ಮಾನನಷ್ಟ ಮೊಕದ್ದಮೆ ಹೂಡಿತು. ಮರುವರ್ಷ ಬಿಜೆಪಿಯ ರಾಜ್ಯ ಘಟಕ ಮೀಸಲಾತಿ ವಿಷಯದಲ್ಲಿ ಒಂದು ಕಾರ್ಟೂನ್ ವಿಡಿಯೋ ಹಾಕಿತು. ಗೂಡಿನಲ್ಲಿರುವ ದಲಿತರ, ಹಿಂದುಳಿದವರ ಮೊಟ್ಟೆಗಳ ನಡುವೆ ಮುಸ್ಲಿಮರ ಮೊಟ್ಟೆ ತಂದಿಟ್ಟಂತೆ ತೋರಿಸಿದ್ದರು. ಇದನ್ನು ತೆಗೆಸಿ ಎಂದು ಆಯೋಗ ಹೇಳಿದ್ದು 2024ರ ಮೇ 7ರಂದು. ನಮ್ಮ ಕೊಪ್ಪಳದಲ್ಲಿ ಮತದಾನ ನಡೆದದ್ದೂ ಅವತ್ತೇ! ಔಷಧಿ ಬರುವಷ್ಟರಲ್ಲಿ ಜ್ವರ ಎಲ್ಲರಿಗೂ ಹತ್ತಿತ್ತು.

ನನ್ನ ಅಭಿಪ್ರಾಯ ಕೇಳಿದರೆ, ರೇಟ್ ಕಾರ್ಡ್ ಮತ್ತು ಚೊಂಬನ್ನು ಒಂದು ಕಡೆ ಇಡುತ್ತೇನೆ, ಮೊಟ್ಟೆಯ ವಿಡಿಯೋವನ್ನು ಇನ್ನೊಂದು ಕಡೆ. ಮೊದಲಿನವು ಸರ್ಕಾರದ ಕೆಲಸದ ಮೇಲಿನ ದೂರು. ನಿಜವೋ ಸುಳ್ಳೋ ಲೆಕ್ಕ ಕೇಳಬಹುದು. ಮೊಟ್ಟೆಯದು ಪಕ್ಕದ ಮನೆಯವರ ಮೇಲೆ ಸಿಟ್ಟು ಬರಿಸುವಂಥದ್ದು. ಅದಕ್ಕೆ ಲೆಕ್ಕವೇ ಇಲ್ಲ.

ಚೊಂಬಿನ ಲೆಕ್ಕ ನೋಡೋಣ. 2023ರಲ್ಲಿ ರಾಜ್ಯದ 223 ತಾಲೂಕುಗಳಲ್ಲಿ ಬರ ಘೋಷಣೆಯಾಯಿತು. ರಾಜ್ಯ ಸರ್ಕಾರ ಕೇಂದ್ರಕ್ಕೆ ಕೇಳಿದ ಪರಿಹಾರ 18,171 ಕೋಟಿ ರೂಪಾಯಿ. ಬರಲಿಲ್ಲವೆಂದು 2024ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಏಪ್ರಿಲ್ ಕೊನೆಗೆ ಕೇಂದ್ರ ಸುಮಾರು 3,454 ಕೋಟಿ ಬಿಡುಗಡೆ ಮಾಡಿತು. ಹಾಗಾದರೆ ಪಾತ್ರೆ ಪೂರ್ತಿ ಖಾಲಿಯೂ ಅಲ್ಲ, ಅಕ್ಷಯಪಾತ್ರೆಯೂ ಅಲ್ಲ. ಸಂಘದ ಲೆಕ್ಕದ ಪುಸ್ತಕ ಬರೆಯುವ ನಿಮಗೆ ಈ ಲೆಕ್ಕ ಕಷ್ಟವೇನಲ್ಲ.

ಇಂಥ ಜಾಹೀರಾತು ನೋಡಿ ಜನ ಓಟು ಬದಲಿಸುತ್ತಾರೆಯೇ? ಅಮೆರಿಕದ ಪ್ರಾಧ್ಯಾಪಕರು 2007ರಲ್ಲಿ ನೂರಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ನೋಡಿದರು. ಬೈಗಳ ಜಾಹೀರಾತು ಹೆಚ್ಚು ನೆನಪಿನಲ್ಲಿ ಉಳಿಯುತ್ತದೆ, ಆದರೆ ಅದರಿಂದ ಗೆಲುವು ಸಿಗುತ್ತದೆ ಅನ್ನಲು ಆಧಾರ ಸಿಗಲಿಲ್ಲ ಎಂದರು. ನಮ್ಮ ಜಿಲ್ಲೆಯನ್ನೇ ನೋಡಿ. 2023ರಲ್ಲಿ ರಾಜ್ಯಕ್ಕೆಲ್ಲ ಅದೇ ಪ್ರಚಾರ. ಆದರೆ ಕೊಪ್ಪಳ, ಯಲಬುರ್ಗಾ, ಕನಕಗಿರಿಯಲ್ಲಿ ಕಾಂಗ್ರೆಸ್ ಗೆದ್ದಿತು, ಕುಷ್ಟಗಿಯಲ್ಲಿ ಬಿಜೆಪಿ, ಗಂಗಾವತಿಯಲ್ಲಿ ಜನಾರ್ದನ ರೆಡ್ಡಿಯವರ ಹೊಸ ಪಕ್ಷ. ಚೊಂಬಿನ ಚುನಾವಣೆಯಲ್ಲಿ ಕೊಪ್ಪಳದ ಸೀಟು ಕಾಂಗ್ರೆಸ್ಸಿಗೆ ಬಂತು, ರಾಜ್ಯದಲ್ಲಿ ಮಾತ್ರ ಬಿಜೆಪಿಗೆ 17, ಕಾಂಗ್ರೆಸ್ಸಿಗೆ 9. ಹೆಂಗಸರು ಪೋಸ್ಟರ್ ನೋಡಿ ಮರುಳಾಗುತ್ತಾರೆ ಅನ್ನುವ ಗಂಡಸರಿಗೆ ಇದನ್ನು ಹೇಳಿ.

ನನಗೆ ಭಯ ಇರುವುದು ಬೇರೆ ಕಡೆ. ಒಬ್ಬರನ್ನೊಬ್ಬರು ಬೈಯುವುದನ್ನು ಕೇಳಿ ಕೇಳಿ "ಎಲ್ಲಾರೂ ಕಳ್ಳರ ಅದಾರ, ಯಾರಿಗ್ಯಾಕ ಓಟು ಹಾಕೂದು" ಎಂದು ಮನೆಯಲ್ಲಿ ಕೂಡುವವರು ಇದ್ದಾರೆ. ಇನ್ನೊಂದು ಇದಕ್ಕಿಂತ ಕೆಟ್ಟದ್ದು.

2020ರ ಡಿಸೆಂಬರಿನ ಗ್ರಾಮ ಪಂಚಾಯತಿ ಚುನಾವಣೆ. ಯಲಬುರ್ಗಾ ತಾಲೂಕಿನ ಒಂದು ಹಳ್ಳಿ, ಹೆಸರು ಬೇಡ. ನಮ್ಮ ಸಂಘದ ಸದಸ್ಯೆಯೊಬ್ಬರು ನಿಂತಿದ್ದರು. ಮತದಾನಕ್ಕೆ ಎರಡು ದಿನ ಇದ್ದಾಗ ರಾತ್ರಿ ಮನೆಮನೆ ಬಾಗಿಲ ಸಂದಿಯಲ್ಲಿ ಚೀಟಿ ಬಿದ್ದವು. ಆಕೆ ಮಾಡಿದ ಕೆಲಸದ ಬಗ್ಗೆ ಒಂದಕ್ಷರ ಇಲ್ಲ. ಮೀಟಿಂಗಿಗೆ ಅಂತ ಹೋಗಿ ಯಾರ ಬೈಕಿನಲ್ಲಿ ಬರುತ್ತಾಳೆ ಅನ್ನುವ ಹೊಲಸು ಮಾತು. ಅಚ್ಚು ಮಾಡಿದವರ ಹೆಸರಿಲ್ಲ. ಹಂಚಿದವರ್‍ಯಾರೋ ಗೊತ್ತಿಲ್ಲ, ಆದರೆ ಮುಂಜಾನೆ ಬೋರಿನ ಹತ್ತಿರ ಅದನ್ನು ಓದಿ ಹೇಳಿದವರು ನಮ್ಮ ಸಂಘದವರೇ. ಆಕೆ ಸೋತರು. ಮೂರು ತಿಂಗಳು ಸಭೆ ನಡೆಯಲಿಲ್ಲ, ಸಾಲದ ಕಂತು ನಿಂತವು. ನಾನು ಹೋದದ್ದೂ ತಡವಾಗಿಯೇ. "ಸೋತಿದ್ದಕ್ಕ ಬ್ಯಾಸರಿಲ್ಲ ಸಿಸ್ಟರ್, ನನ್ನ ಜೋಡಿ ಕುಂತು ಉಂಡವರ ಅದನ್ನ ಓದಿದ್ರಲ್ಲ" ಅಂದರು ಆಕೆ.

ಕಾನೂನು ಸ್ವಲ್ಪ ತಿಳಿದಿರಲಿ. ಲೋಕಸಭೆ, ವಿಧಾನಸಭೆ ಚುನಾವಣೆಯ ಪ್ರತಿ ಕರಪತ್ರದ ಮೇಲೆ ಮುದ್ರಿಸಿದವರ, ಪ್ರಕಟಿಸಿದವರ ಹೆಸರು ವಿಳಾಸ ಇರಲೇಬೇಕು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಕಲಂ ಹೇಳುವುದು ಇದನ್ನೇ. ತಪ್ಪಿದರೆ ಆರು ತಿಂಗಳವರೆಗೆ ಜೈಲು, 2,000 ರೂಪಾಯಿವರೆಗೆ ದಂಡ. ಎದುರಾಳಿಯ ಖಾಸಗಿ ಬದುಕನ್ನು ಎಳೆಯಬಾರದು, ಖಚಿತವಾಗದ ಆರೋಪ ಮಾಡಬಾರದು ಎಂದು ನೀತಿಸಂಹಿತೆಯಲ್ಲಿದೆ. ದೂರಿಗೆ 1950 ನಂಬರಿಗೆ ಫೋನ್ ಮಾಡಬಹುದು. ಪಂಚಾಯತಿ ಚುನಾವಣೆಯಾದರೆ ತಹಶೀಲ್ದಾರರಿಗೆ ಬರೆದು ಕೊಡಿ, ಚೀಟಿಯನ್ನು ಹರಿಯಬೇಡಿ, ಅದೇ ಸಾಕ್ಷಿ.

ಮುಂದಿನ ಸಭೆಗೆ ನಿಮ್ಮ ಮನೆಯಲ್ಲಿ ಉಳಿದಿರುವ ಹಳೆಯ ಕರಪತ್ರಗಳನ್ನು ತನ್ನಿರಿ. ಯಾವ ಪಕ್ಷದ್ದಾದರೂ ಸರಿ. ಓದು ಬಲ್ಲವರು ಓದಿ ಹೇಳಲಿ. ಕೆಲಸದ ಮಾತು ಎಷ್ಟು, ಮನುಷ್ಯರನ್ನು ಬೈದದ್ದು ಎಷ್ಟು, ಅಚ್ಚು ಮಾಡಿದವರ ಹೆಸರು ಎಲ್ಲಿದೆ, ಕೂಡಿ ಹುಡುಕಿರಿ. ಸಿಕ್ಕದ್ದನ್ನು ಸಭಾ ನಡಾವಳಿ ಪುಸ್ತಕದಲ್ಲಿ ಬರೆದಿಡಿ. ನಾನು ಬಂದಾಗ ನೋಡುತ್ತೇನೆ.